ಬಿತ್ತಕ್ಕೆ ಬಿಟ್ಟ ಕತ್ತಾಳೆ

ಒಣ ಬೇಸಗೆಯಲ್ಲಿ ಕಮರಿನಾಡಿನ ರರಾಮುರಿ ಜನರ ಹಟ್ಟಿಯೊಂದರ ಜೋಳ ಮುಗಿದು, ಸಿರಿಯಾಕೊನ ಪುಟ್ಟ ಮಗಳು ತೋಮಾಸಾ ಹಸಿವಿಗೆ ಅಳುವುದನ್ನೂ ನಿಲ್ಲಿಸಿದಾಗ, ಅವನೂ ಅವನ ತಾಯಿ ಎಪಿಫಾನಿಯಾಳೂ ಹೆಂಡತಿಯ ತಮ್ಮ ಬೆನಿಗ್ನೊನೂ ಕತ್ತಾಳೆ ಗಡ್ಡೆಗಾಗಿ ಕಮರಿಗಿಳಿದರೆಂದು ಹೇಳುತ್ತಾರೆ.

ಇಳಿದಂತೆಲ್ಲ ಮರಗಳು ಕುಳ್ಳಾಗಿ, ಮುಳ್ಳಾಗಿ, ಕಡೆಗೆ ಕಾದ ಬಂಡೆಯೊಂದೇ ಉಳಿಯುತ್ತದೆ. ಅದರ ಬಿರುಕುಗಳಲ್ಲಿ ಕತ್ತಾಳೆ ವರ್ಷಗಟ್ಟಲೆ ತನ್ನ ಗಡ್ಡೆಯಲ್ಲಿ ಸಿಹಿ ಕೂಡಿಡುತ್ತದೆ. ಒಂದೇ ಸಲ ಹೂದಂಟನ್ನೆತ್ತಿ, ಇದ್ದುದನ್ನೆಲ್ಲ ಅದಕ್ಕೆ ಸುರಿದು ಸಾಯುತ್ತದೆ. ದಂಟು ಇಣುಕುವಾಗಲೇ ಕಡಿದವರಿಗೆ ಊಟ. ತಡವಾಗಿ ಬಂದವರಿಗೆ ಬರಿಯ ನಾರು.

ಅವರು ತಲುಪಿದ ಚಾಚುಬಂಡೆಯ ಮೇಲೆ ದಂಟು ಇಣುಕಿದ್ದವು ಎರಡೇ. ಉಳಿದವು ಒಣಗಿದ ತಾಯಿಗಿಡಗಳು, ಬುಡದಲ್ಲಿ ಮರಿಗಿಡಗಳು.

"ಒಂದನ್ನ ಕಡಿ. ಇನ್ನೊಂದು ಬಿತ್ತಕ್ಕೆ," ಎಂದಳು ಮುದುಕಿ.

"ಬಿತ್ತ ಯಾರಿಗೆ ಅತ್ತೆ, ಹೂವಿಗೆ ಬರೋ ಬಾವಲಿಗಾ?" ಸಿರಿಯಾಕೊನ ಸೊಂಟದ ಹಗ್ಗ ಹಿಡಿದಿದ್ದ ಬೆನಿಗ್ನೊ ನಕ್ಕ.

"ನಿನ್ನ ಮೊಮ್ಮಕ್ಕಳಿಗೆ ಕಣೋ, ಹೊಟ್ಟೆಬಾಕ!"

ಸಿರಿಯಾಕೊ ಮೊದಲನೆಯದನ್ನು ಕಡಿದು ಉರುಳಿಸಿದ. ಮಗಳ ಮುಖ ನೆನಪಾಯಿತು. ಎರಡನೆಯದಕ್ಕೂ ಮಚ್ಚು ಬೀಸಿದ.

"ಬಿಡೋ ಅದನ್ನ!" ತಾಯಿ ಕೂಗಿದಳು.

ಎಲೆಗಳು ಹಾರಿದವು. ಚರ್ಮ ಸುಡುವ ಹಸಿ ರಸ ಚಿಮ್ಮಿತು. ಹಣೆಯ ಬೆವರು ಕಣ್ಣಿಗಿಳಿಯಿತು. ಆತುರದಲ್ಲಿ ಅವನು ರಸದ ಕೈಯಿಂದಲೇ ಕಣ್ಣುಜ್ಜಿಕೊಂಡ.

ಅವನ ಕೂಗು ಕಮರಿಯ ಆಚೆಗೋಡೆಗೆ ಬಡಿದು ಮರಳಿತು. ಅವನು ಹಿಂದಕ್ಕೆ ತೂರಾಡಿದ. ಹಿಮ್ಮಡಿಯ ಹಿಂದೆ ಪಾತಾಳ.

"ಭಾವ, ಅಲ್ಲಾಡ್ಬೇಡ!" ಬೆನಿಗ್ನೊ ಹಗ್ಗ ಎಳೆದು ಹಿಡಿದ.

"ಅವ್ವಾ, ಏನೂ ಕಾಣ್ತಿಲ್ಲ!"

"ಕಾಣ್ದಿದ್ರೆ ಕುಕ್ಕರಿಸು. ಮರಿ ಮಾತ್ರ ತುಳೀಬೇಡ," ಎಂದಳು ಎಪಿಫಾನಿಯಾ. ಅವನ ಕಣ್ಣಿಗೆ ನೀರು ಹೊಯ್ದಳು. ಅಳಲಿಲ್ಲ.

ಗಡ್ಡೆಯನ್ನು ಕಾದ ಕಲ್ಲುಗಳ ಗುಂಡಿಯಲ್ಲಿ ಹೂತರು. ಬೇಗ ತೆಗೆದರೆ ಬಾಯಿ ಸುಡುವ ಹಸಿಗಡ್ಡೆ. ಆದ್ದರಿಂದ ಕಲ್ಲು ತಣಿಯುವವರೆಗೂ ಕಾದರು. ಆ ಕಲ್ಲುಗಳ ಪಕ್ಕದಲ್ಲೇ ಸಿರಿಯಾಕೊನ ಕಣ್ಣು ಬಾತು ಮುಚ್ಚಿತು.

ಏರುವಾಗ ಬೆಂದ ಗಡ್ಡೆಯನ್ನು ತಾಯಿ ಅವನ ಬೆನ್ನಿಗೇ ಕಟ್ಟಿದಳು.

"ಕುರುಡನ ಮೇಲಾ, ಅತ್ತೆ?"

"ಕಾಲು ಕುರುಡಾಗಿಲ್ವಲ್ಲ. ದಾರಿ ನೋಡೋರ ಕೈ ಖಾಲಿ ಇರ್ಬೇಕು. ನಡಿ."

ಎಡಕ್ಕೆ ಅಂದರೆ ಎಡಕ್ಕೆ, ತೆವಳು ಅಂದರೆ ತೆವಳಿ ಅವನು ಏರಿದ. ಒಮ್ಮೆ ಕಾಲಡಿಯ ಕಲ್ಲು ಕಳಚಿತು. ಅದು ತಳ ಮುಟ್ಟಿದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿತು.

ಹಟ್ಟಿಯ ಬಾಗಿಲಲ್ಲಿ ಅವನು ಕೇಳಿದ: "ನಾನು ಅರ್ಧ ಕಡಿದದ್ದು... ದಂಟು ಬಿಡ್ತದಾ ಅವ್ವ?"

"ಬಿಡ್ತದೆ, ಸೊಟ್ಟಗೆ. ನಿನಗ್ಯಾಕೆ? ನೋಡೋಕೆ ಹೋಗ್ತೀಯಾ?"

ಹಾಗೆಂದು ಅವಳು ಅವನ ಅಂಗೈಯನ್ನೊಯ್ದು ತೋಮಾಸಾಳ ಕೆನ್ನೆಯ ಮೇಲಿಟ್ಟಳು. ಕೆನ್ನೆ ಆಡುತ್ತಿತ್ತು. ಮಗು ಜಗಿದ ನಾರನ್ನು ಅವನ ಕೈಮೇಲೇ ಉಗುಳಿ, ಮತ್ತೊಂದು ತುಂಡು ಬೇಡಿತು.

ಅವನ ಕಣ್ಣು ಮರಳಿತೆಂದು ಕಮರಿಯ ಆಚೆದಡದವರು ಹೇಳುವುದುಂಟು. ಆ ಹಟ್ಟಿಯವರು ಹಾಗೆ ಹೇಳುವುದಿಲ್ಲ. ಸೊಟ್ಟ ದಂಟಿನ ಬಿತ್ತದಿಂದ ಎದ್ದ ಕತ್ತಾಳೆಗಳನ್ನು ತೋರಿಸುತ್ತಾರೆ.