ಕಡಲೆಬೀಜವಿಲ್ಲದ ಅಡುಗೆಮನೆ

ಭಾನುವಾರ ಬೆಳಿಗ್ಗೆ ಒಂಬತ್ತರ ಸುಮಾರಿಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸು, ಕೂರಿ ಎಂದರೂ ಕೂರಲಿಲ್ಲ. ಹಿಂದಿನ ದಿನದ ಬಟ್ಟೆಯಲ್ಲೇ ಇದ್ದಳು. ತೋಳಿನ ಮೇಲೆ ಸಾಸಿನ ಕಲೆ ಒಣಗಿತ್ತು.

"ನನ್ನ ತಂಗೀನ ಕೊಂದಿದಾರೆ. ಬರ್ಕೊಳ್ಳಿ."

ದಫೇದಾರ ಪೆನ್ನು ತೆಗೆದ. "ಯಾರಮ್ಮಾ ಕೊಂದಿದ್ದು?"

"ಅದನ್ನ ಹುಡುಕೋಕೇ ಅಲ್ವೇನ್ರೀ ನಿಮಗೆ ಖಾಕಿ ಕೊಟ್ಟಿರೋದು?"

ದನಿ ಕೇಳಿ ಇನ್‌ಸ್ಪೆಕ್ಟರ್ ತನ್ನ ಕೋಣೆಯಿಂದ ಹೊರಗೆ ಬಂದಳು. ಹೆಂಗಸು ಕೈಚೀಲದಿಂದ ಪ್ಲಾಸ್ಟಿಕ್ ಸುತ್ತಿದ ತಟ್ಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರಲ್ಲಿ ಅರ್ಧ ತಿಂದ ಮೀನಿತ್ತು. "ಯಾರೂ ತೊಳೆದು ಹಾಕಬಾರದು ಅಂತ ತಟ್ಟೆ ಸಮೇತ ತಂದೆ."

ತಂಗಿ ಬಸ್ ಓಡಿಸುವವಳು. ದೊಡ್ಡ ಬಸ್ಸಿನ ಲೈಸೆನ್ಸ್ ಕೈಗೆ ಬಂದ ಖುಷಿಗೆ ಶನಿವಾರ ಮಧ್ಯಾಹ್ನ ಅಕ್ಕನನ್ನು ಬೀದಿ ಮೂಲೆಯ ಪಬ್ಬಿಗೆ ಊಟಕ್ಕೆ ಕರೆದೊಯ್ದಿದ್ದಳು. ಚಿಕ್ಕಂದಿನಿಂದಲೂ ಅವಳಿಗೆ ಕಡಲೆಬೀಜ ಆಗಿಬರುತ್ತಿರಲಿಲ್ಲ; ಒಂದು ಚೂರು ನಾಲಿಗೆಗೆ ತಗುಲಿದರೂ ಗಂಟಲು ಊದಿಕೊಳ್ಳುತ್ತಿತ್ತು. ಊಟ ಹೇಳುವಾಗಲೂ ಹೇಳಿದ್ದಳು, ತಟ್ಟೆ ಬಂದಾಗಲೂ ಕೇಳಿದ್ದಳು. ವೇಟರ್ ಒಳಗೆ ಹೋಗಿ ವಿಚಾರಿಸಿಕೊಂಡು ಬಂದು, ಏನೂ ಹಾಕಿಲ್ಲ ಎಂದಿದ್ದಳು.

"ಚೀಲದಲ್ಲಿದ್ದ ಚುಚ್ಚುಮದ್ದು ನಾನೇ ಅವಳ ತೊಡೆಗೆ ಚುಚ್ಚಿದೆ. ಸಾಕಾಗಲಿಲ್ಲ. ಆಸ್ಪತ್ರೆ ಸೇರೋಷ್ಟರಲ್ಲಿ ತುಟಿ ನೀಲಿಯಾಗಿತ್ತು." ಹೆಂಗಸಿನ ಕಣ್ಣಲ್ಲಿ ಒಂದು ಹನಿ ನೀರೂ ಇರಲಿಲ್ಲ. "ಅಯ್ಯೋ ಪಾಪ ಅನ್ನಬೇಡಿ. ಕೆಲಸ ಮಾಡಿ."

ಇನ್‌ಸ್ಪೆಕ್ಟರ್ ಅಯ್ಯೋ ಪಾಪ ಅನ್ನಲಿಲ್ಲ. ಎಫ್‌ಐಆರ್ ದಾಖಲಾಯಿತು. ತಟ್ಟೆಗೆ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು.

ಹನ್ನೊಂದಕ್ಕೆ ಪಬ್ಬಿನಲ್ಲಿ ಪಂಚನಾಮೆ ಶುರುವಾಯಿತು. ಮುಂದೆ ಬಾರು, ಅದರಾಚೆ ಊಟದ ಮೇಜುಗಳು, ಹಿಂದೆ ಅಡುಗೆಮನೆ. ಮಾಲೀಕ ಕೈ ಹೊಸೆಯುತ್ತ ಹಿಂದೆ ಹಿಂದೆಯೇ ಬಂದ.

"ನೆರೆಹೊರೆಯವರು ಬರೋ ಜಾಗ ಮೇಡಂ. ಹೆಸರು ಕೆಡುತ್ತೆ. ಇಂಥ ಕಾಯಿಲೆ ಇರೋರು ಮನೇಲೇ ಊಟ ಮಾಡಬೇಕಪ್ಪ."

ಇನ್‌ಸ್ಪೆಕ್ಟರ್ ನಿಂತು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇನ್ನೊಂದು ಸಲ ಹೇಳಿ. ದಫೇದಾರ್ರು ಬರ್ಕೊಳ್ತಾರೆ."

ಮಾಲೀಕ ಎರಡು ಹೆಜ್ಜೆ ಹಿಂದೆ ಸರಿದ.

ಬಾಣಸಿಗ ಮಾತ್ರ ಜಗ್ಗಲಿಲ್ಲ. ಐವತ್ತು ದಾಟಿದ ಗಟ್ಟಿ ಆಳು, ಕೈಕಟ್ಟಿ ಒಲೆಯ ಪಕ್ಕ ನಿಂತಿದ್ದ. "ನನ್ನ ಅಡುಗೆಮನೇಲಿ ಕಡಲೆಬೀಜ ಅನ್ನೋದೇ ಇಲ್ಲ. ಡಬ್ಬದ ತಳ ಬೇಕಾದ್ರೂ ಕೆರೆದು ನೋಡಿ."

ಕೆರೆದೇ ನೋಡಿದರು. ಕಪಾಟು, ಫ್ರಿಜ್ಜು, ಎಣ್ಣೆಯ ಡಬ್ಬ, ಕಸದ ಬುಟ್ಟಿ, ಯಾವುದನ್ನೂ ಬಿಡಲಿಲ್ಲ. ಕಡಲೆಬೀಜವಿರಲಿ, ಅದರ ಸಿಪ್ಪೆಯೂ ಸಿಗಲಿಲ್ಲ. ಆದರೂ ಇನ್‌ಸ್ಪೆಕ್ಟರ್ ಮಿಕ್ಸಿ ಜಾರುಗಳನ್ನು ಜಪ್ತಿ ಮಾಡಿಸಿದಳು. ಬಾಣಸಿಗನ ತುಟಿಯಂಚಿನಲ್ಲಿ ನಗು ಇಣುಕಿದ್ದು ಕಂಡು ಅವಳ ಮೈ ಉರಿದುಹೋಯಿತು.

ಹೊರಡುವಾಗ ಬಾರಿನ ಕಟ್ಟೆಯ ಬಳಿ ದಫೇದಾರನ ಕಾಲು ನಿಧಾನವಾಯಿತು. ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿರಲಿಲ್ಲ. ಅಲ್ಲಿದ್ದ ಬಟ್ಟಲಿಗೆ ಕೈಹಾಕಿ ಏನನ್ನೋ ಬಾಯಿಗೆ ಎಸೆದುಕೊಂಡವನು, ಅಗಿಯುವುದನ್ನು ನಿಲ್ಲಿಸಿ ಕಣ್ಣರಳಿಸಿದ.

"ಮೇಡಂ..."

ಬಿಯರಿನ ಜತೆಗೆ ಕೊಡುವ ಉಪ್ಪು ಹಚ್ಚಿ ಹುರಿದ ಕಡಲೆಬೀಜ!

"ಉಗೀರಿ! ಅದು ಸಾಕ್ಷ್ಯ ಕಣ್ರೀ!"

ಮಾಲೀಕ ಓಡಿಬಂದ. "ಅದು ಬಾರಿಂದು ಮೇಡಂ. ಒಳಗೆ ಹೋಗೋದೇ ಇಲ್ಲ."

"ನಾನು ನಿಮ್ಮನ್ನ ಕೇಳಲಿಲ್ಲ." ಅವನನ್ನು ಹೊರಗೆ ಕಳಿಸಿ, ಬಿಯರ್ ಬಗ್ಗಿಸುವವನ ಕಡೆ ತಿರುಗಿದಳು. "ಶನಿವಾರ ಇದನ್ನ ಯಾರಾದ್ರೂ ಒಳಗೆ ತಗೊಂಡು ಹೋದ್ರಾ?"

ಅವನು ಲೋಟ ಒರೆಸುತ್ತಲೇ ಇದ್ದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಅಡುಗೆಯಣ್ಣ ಬಂದು ಒಂದು ಹಿಡಿ ತಗೊಂಡ್ರು. ಏನಣ್ಣಾ, ಬಿಯರ್ ಬೇಡ್ವಾ ಅಂತ ತಮಾಷೆ ಮಾಡ್ದೆ. ನಗಲೇ ಇಲ್ಲ."

ಆ ಮೇಜು ನೋಡಿಕೊಂಡಿದ್ದ ವೇಟರ್ ನಡುವಯಸ್ಸಿನ ಹೆಂಗಸು. ಅತ್ತತ್ತು ಅವಳ ಮುಖ ಬಾತಿತ್ತು. ಅವಳ ಹೇಳಿಕೆಯನ್ನು ಠಾಣೆಯಲ್ಲಿ ಪಡೆದರು.

"ಒಳಗೆ ಏನಂತ ಹೇಳಿದ್ರಿ?"

"ಕಡಲೆಬೀಜ ತಿಂದ್ರೆ ಜೀವಕ್ಕೇ ಅಪಾಯ ಅಂತ. ಎರಡನೇ ಸಲ ಕೇಳೋಕೆ ಹೋದಾಗ ರೇಗಿದ್ರು. ಹಾಕಿಲ್ಲ ಅಂತ ಹೇಳು ಹೋಗು ಅಂದ್ರು."

"ಆಮೇಲೆ ಅವನು ಏನ್ ಮಾಡ್ತಿದ್ದ?"

"ತಟ್ಟೆ ಕೊಡೋ ಕಿಟಕೀಲಿ ನಿಂತು ನೋಡ್ತಿದ್ರು." ಅವಳು ಮೂಗು ಒರೆಸಿಕೊಂಡಳು. "ಯಾರು ಊಟ ಮಾಡಿದ್ರೂ ತಿರುಗಿ ನೋಡೋ ಮನುಷ್ಯ ಅಲ್ಲ ಮೇಡಂ. ಅವತ್ತು ಕಣ್ಣು ಕೀಳಲಿಲ್ಲ."

ಬುಧವಾರ ಪ್ರಯೋಗಾಲಯದ ವರದಿ ಬಂತು. ಮೀನಿನ ಸಾಸಿನಲ್ಲಿ ಅರೆದ ಕಡಲೆಬೀಜವಿತ್ತು. ಜಪ್ತಿಯಾದ ಸಣ್ಣ ಜಾರಿನ ಬ್ಲೇಡಿನ ಅಡಿಯಲ್ಲೂ ಅದೇ ಅಂಟಿತ್ತು. ಮಧ್ಯಾಹ್ನವೇ ಬಾಣಸಿಗನನ್ನು ಕರೆತಂದು ಕೂರಿಸಿದರು.

"ಬಾರಿಂದ ತಂದ ಕಡಲೆಬೀಜ ಏನಾಯ್ತು?"

"ತಿಂದೆ."

"ಮಿಕ್ಸಿ ಜಾರೂ ತಿಂತಾ?"

ಇನ್‌ಸ್ಪೆಕ್ಟರ್ ವರದಿಯನ್ನು ಅವನ ಮುಂದೆ ತಳ್ಳಿದಳು. ಓದಿ ಮುಗಿಸಿದವನ ಕುತ್ತಿಗೆ ಕೆಂಪಾಯಿತು. ಅಳುತ್ತಾನೆಂದು ದಫೇದಾರ ನೀರಿನ ಲೋಟಕ್ಕೆ ಕೈ ಚಾಚಿದ. ಅವನು ಅಳಲಿಲ್ಲ, ಕೂಗಾಡಿದ.

"ಎಲ್ಲಾ ನಾಟಕ ಮೇಡಂ! ಒಬ್ಬನಿಗೆ ಈರುಳ್ಳಿ ಆಗಲ್ಲ, ಇನ್ನೊಬ್ಬಳಿಗೆ ಬೆಣ್ಣೆ ಆಗಲ್ಲ. ಮೊನ್ನೆ ಒಬ್ಬ ಹಾಲು ಮುಟ್ಟಿದ್ರೆ ಸಾಯ್ತೀನಿ ಅಂತ ನನ್ನ ಸೂಪ್ ವಾಪಸ್ ಕಳಿಸಿ, ಹೆಂಡತಿ ತಟ್ಟೆಯಿಂದ ಐಸ್‌ಕ್ರೀಂ ಬಾಚಿ ತಿಂದ. ಅಂಥೋನ ಮುಂದೆ ಮಾಲೀಕ ನನ್ನ ಕೈಲಿ ಕ್ಷಮೆ ಕೇಳಿಸಿದ!"

"ಅದಕ್ಕೆ?"

"ಸುಳ್ಳು ಅಂತ ತೋರಿಸಬೇಕಿತ್ತು. ಸ್ವಲ್ಪವೇ ಹಾಕಿದೆ. ತಿಂದು ಮುಗಿಸಿದ ಮೇಲೆ ಹೊರಗೆ ಹೋಗಿ ಎಲ್ಲರ ಮುಂದೆ ಕೇಳ್ತಿದ್ದೆ, ತಿಂದ್ರಲ್ಲಾ, ಏನಾಯ್ತು ಅಂತ."

"ನಿಜ ಆಗಿದ್ರೆ?"

"ಅದನ್ನ ಯೋಚಿಸಲಿಲ್ಲ."

ಕೆನ್ನೆಗೆ ಬಾರಿಸಬೇಕೆಂಬ ಆಸೆಯನ್ನು ಇನ್‌ಸ್ಪೆಕ್ಟರ್ ಹಲ್ಲು ಕಚ್ಚಿ ತಡೆದುಕೊಂಡಳು. "ಉಸಿರು ಕಟ್ಟಿ ಒದ್ದಾಡ್ತಿದ್ದಾಗ ಆಂಬುಲೆನ್ಸಿನವರಿಗೆ ಯಾಕೆ ಹೇಳಲಿಲ್ಲ?"

"ಮೊದಲು ಅದೂ ನಾಟಕ ಅಂದ್ಕೊಂಡೆ." ಈಗ ಅವನ ದನಿ ಇಳಿದಿತ್ತು. "ಆಮೇಲೆ ಹೆದರಿಕೆ ಆಯ್ತು. ಜಾರ್ ತೊಳೆದೆ."

ಸಂಜೆ ನಾಲ್ಕಕ್ಕೆ ಬಂಧನವಾಯಿತು. ಸತ್ತವಳ ಮೇಲೆ ಅವನಿಗೆ ಹಗೆಯಿರಲಿಲ್ಲ, ಅವಳ ಮುಖ ಕೂಡ ಅಂದೇ ಮೊದಲು ಕಂಡದ್ದು. ಬೇರೆ ಯಾರೋ ಮಾಡಿದ ಅವಮಾನಕ್ಕೆ ಅವಳಿಂದ ಉತ್ತರ ಕೀಳಲು ಹೋಗಿದ್ದ, ಅಷ್ಟೇ.

ಅಕ್ಕನಿಗೆ ಸುದ್ದಿ ಮುಟ್ಟಿಸಲು ಇನ್‌ಸ್ಪೆಕ್ಟರ್ ತಾನೇ ಹೋದಳು. ಹೆಂಗಸು ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು.

"ಯಾಕಂತೆ?"

"ನಿಮ್ಮ ತಂಗಿ ಹೇಳಿದ್ದನ್ನ ಅವನು ನಂಬಲಿಲ್ಲ."

ಹೆಂಗಸು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು.

"ಎರಡನೇ ಸಲ ವೇಟರ್ ಹತ್ರ ಕೇಳುವಾಗ ಅವಳಿಗೇ ನಾಚಿಕೆಯಾಗಿತ್ತು," ಎಂದಳು. "ಅಡುಗೆಯೋರಿಗೆ ತೊಂದ್ರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ ಅಂತ ಹೇಳಿ ಅಂದಿದ್ಲು."