ನೆಲಮಾಳಿಗೆಯ ದನಿ

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಹತ್ತು ನಲವತ್ತಕ್ಕೆ ಠಾಣೆಗೆ ಬಂದ ದೂರು ಓದಿ ಇನ್ಸ್‌ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. ಕಟ್ಟಡವೊಂದರ ನೆಲಮಾಳಿಗೆಯಲ್ಲಿ ನುಡಿಸುತ್ತಿದ್ದ ಬ್ಯಾಂಡಿನ ಮೇಲೆ ಬೀದಿಯವರು ಕೊಟ್ಟ ಅರ್ಜಿಗಳೇ ಒಂದು ಕಡತವಾಗಿದ್ದವು. ಅವರ ಸಂಗೀತವೆಂದರೆ ಡ್ರಿಲ್ಲಿನ ಕಿರುಚಾಟ, ತಗಡಿನ ಬಡಿತ, ನಡುವೆ ಜನಪದ ಹಾಡು. ಈಗ ಕಳ್ಳತನವಾಗಿದೆ ಎಂದು ಅವರದೇ ದೂರು!

“ಏನು ಹೋಯ್ತು?”

“ಮೊಳದುದ್ದ ಟೇಪು ಸರ್,” ಅಂದ ಬ್ಯಾಂಡಿನ ಗಡ್ಡದವನು. “ತೀರಿಹೋದ ಹೆಂಗಸೊಬ್ಬರ ಹಳೇ ರೆಕಾರ್ಡಿಂಗು. ಹಾಡು ಮುಗಿಸಿ ‘ಸಾಕಾ?’ ಅಂತಾರೆ. ಅಷ್ಟನ್ನೇ ಕತ್ತರಿಸಿ, ತುದಿಗೆ ತುದಿ ಅಂಟಿಸಿ, ಅದೇ ಮಾತು ಮತ್ತೆ ಮತ್ತೆ ಬರೋ ಹಾಗೆ ಮೂರು ತಿಂಗಳಿಂದ ಯಂತ್ರದಲ್ಲಿ ಸುತ್ತಿಸ್ತಿದ್ವಿ. ಇನ್ನೊಂದು ಪ್ರತಿ ಇಲ್ಲ.”

ಎಫ್‌ಐಆರ್ ಆಯಿತು. ಹನ್ನೆರಡಕ್ಕೆ ನೆಲಮಾಳಿಗೆಯಲ್ಲಿ ಪಂಚನಾಮೆ. ಬೆಲೆಬಾಳುವ ಮೈಕುಗಳನ್ನು ಯಾರೂ ಮುಟ್ಟಿರಲಿಲ್ಲ. ಯಂತ್ರದಲ್ಲಿ ಬೆರಳಗಲದ ಟೇಪಿನ ಚೂರು ಸಿಕ್ಕಿಕೊಂಡಿತ್ತು, ಕಡಿದ ತುದಿಯಲ್ಲಿ ಗರಗಸದ ಹಲ್ಲಿನಂಥ ಗುರುತು.

“ಇಲಿ ಕಡಿದಿರಬೇಕು,” ಅಂದ ಇನ್ಸ್‌ಪೆಕ್ಟರ್.

“ಇಷ್ಟು ಅಳತೆ ಹಿಡಿದು ಕಡಿಯೋ ಇಲಿ ನಾನಂತೂ ನೋಡಿಲ್ಲ ಸರ್,” ಅಂದಳು ಮಹಿಳಾ ಪೇದೆ. “ಅಂಗಿಯ ಒಳಗಿನ ಅಂಚು ಹೀಗೇ ಇರುತ್ತೆ. ನೂಲು ಬಿಚ್ಚದಿರಲಿ ಅಂತ ದರ್ಜಿಗಳು ಬಳಸೋ ಹಲ್ಲಿನ ಕತ್ತರಿ.”

ಮೇಲಿನ ಮಹಡಿಯಲ್ಲಿ ಒಬ್ಬ ಮುದಿ ದರ್ಜಿಯಿದ್ದ. ಇನ್ಸ್‌ಪೆಕ್ಟರ್ ಕಡತ ತಿರುವಿದ. ಬೀದಿಯವರೆಲ್ಲ ಸಹಿ ಹಾಕಿದ್ದರು, ಅವನೊಬ್ಬನನ್ನು ಬಿಟ್ಟು.

“ಗದ್ದಲ ನಿಮಗೆ ತೊಂದರೆ ಆಗಲಿಲ್ವಾ ತಾತ?”

“ಗದ್ದಲ ನನಗೇನೂ ಮಾಡಲಿಲ್ಲಪ್ಪ.”

“ಮತ್ತೆ?”

ಮುದುಕ ಹೊಲಿಗೆ ಯಂತ್ರದ ಡ್ರಾಯರಿನಿಂದ ನೂಲಿನ ರೀಲು ತೆಗೆದ. ಕರಿ ನೂಲಿನ ಮೇಲೆ ಕಂದು ಟೇಪನ್ನು ಒಪ್ಪವಾಗಿ ಸುತ್ತಿದ್ದ.

“ನನ್ನ ಹೆಂಡತಿ,” ಅಂದ.

ಮಧ್ಯಾಹ್ನ ಮೂರೂಕಾಲಿಗೆ ಬಂಧನ. ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆ ಇಷ್ಟೇ: “ಹಿಂದೆ ಜನಪದ ಹಾಡು ರೆಕಾರ್ಡು ಮಾಡೋರು ಬಂದ ದಿನ ಅವಳಿಗೆ ಜ್ವರ. ಹಾಡಿ ಹಾಡಿ ಸುಸ್ತಾಗಿ ನನ್ನ ಮುಖ ನೋಡಿ ‘ಸಾಕಾ?’ ಅಂದ್ಲು. ‘ಹೆಸರು ಬರುತ್ತೆ, ಇನ್ನೊಂದು ಹಾಡು’ ಅಂದೆ. ವಾರದಲ್ಲಿ ಹೋಗಿಬಿಟ್ಲು. ಈಗ ಮೂರು ತಿಂಗಳಿಂದ ನೆಲದಡಿಯಿಂದ ಅದನ್ನೇ ಕೇಳ್ತಿದ್ದಾಳೆ. ಮೇಲಿಂದ ‘ಸಾಕು, ಸಾಕು’ ಅಂತಾನೇ ಇದ್ದೆ. ಕೇಳೋದು ನಿಲ್ಲಿಸಲೇ ಇಲ್ಲ. ಅವರು ಟೀಗೆ ಹೋದಾಗ ಕೆಳಗಿಳಿದು ನೋಡಿದೆ. ಯಂತ್ರದಿಂದ ಬಿಡಿಸೋಕೆ ಬರಲಿಲ್ಲ, ಕತ್ತರಿಸಿದೆ.”

ಇನ್ಸ್‌ಪೆಕ್ಟರ್ ರೀಲನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಒತ್ತಿದ. ಅರಗು ಆರುವುದನ್ನೇ ಮುದುಕ ನೋಡುತ್ತಿದ್ದ.

“ಕೋರ್ಟಲ್ಲಿ ಇದನ್ನ ಮತ್ತೆ ಹಾಕ್ತಾರಾ?”

“ಸಾಕ್ಷ್ಯ ಅಲ್ವಾ ತಾತ. ಹಾಕಬೇಕಾಗಬಹುದು.”

“ಹಾಕೋ ದಿನ ನನ್ನನ್ನ ಅದರ ಹತ್ತಿರ ಕೂರಿಸಿ. ಈ ಸಲ ಸರಿಯಾಗಿ ಉತ್ತರ ಹೇಳ್ತೀನಿ.”

ಹೇಳಿಕೆಯಲ್ಲಿ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಇನ್ಸ್‌ಪೆಕ್ಟರ್ ಬರೆದುಕೊಂಡ.