ವಾಸದ ಮನೆ

“ಆ ಗಂಟನ್ನ ಬರಿಗೈಲಿ ಮುಟ್ಬೇಡಪ್ಪ. ಯಾರೋ ಮಾಟ ಮಾಡ್ಸಿದಾರೆ,” ಎಂದಳು ಎದುರುಮನೆಯ ಅಜ್ಜಿ. ಹೊಸಿಲು ದಾಟಿ ಒಳಗೆ ಬರಲು ಮಾತ್ರ ಒಪ್ಪಲಿಲ್ಲ.

ಅವನು ನಕ್ಕ. “ದಿವಾಳಿ ಆದವನಿಗೆ ಮಾಟ ಮಾಡ್ಸಿ ಏನ್ ಕಿತ್ಕೋತಾರೆ ಅಜ್ಜಿ?”

ಅಚ್ಚುಕೂಟ ಮುಚ್ಚಿ ದಿವಾಳಿ ಅರ್ಜಿ ಹಾಕಿದ್ದ ಒಂಟಿ ಮನುಷ್ಯ. ಉಳಿದಿದ್ದು ಇದೊಂದೇ, ಅಮ್ಮ ಅವನ ಹೆಸರಿಗೆ ಬರೆದಿಟ್ಟು ಹೋದ ಮನೆ. ಇಲ್ಲಿಗೆ ಬಂದು ವರ್ಷವೂ ತುಂಬಿರಲಿಲ್ಲ. “ವಾಸ ಇರೋ ಮನೇನ ಕೋರ್ಟು ಸಾಲಕ್ಕೆ ಹರಾಜು ಹಾಕಲ್ಲ. ಇವತ್ತು ಜಡ್ಜ್ ಕೇಳಿದಾಗ ಅಲ್ಲೇ ಇದೀನಿ ಅನ್ನಿ, ಸಾಕು,” ಎಂದು ವಕೀಲರು ಧೈರ್ಯ ತುಂಬಿದ್ದರು.

ಮೆಟ್ಟಿಲ ಕೆಳಗಿನ ಉಗ್ರಾಣದಲ್ಲಿ ಕೆಲವು ದಿನಗಳಿಂದ ಸುಟ್ಟ ಕೂದಲಿನ ಕಮಟು ವಾಸನೆ. ಬೆಳಿಗ್ಗೆ ಹಲಗೆ ಕಿತ್ತಾಗ ಕಂಡಿತ್ತು ಆ ಗಂಟು. ಅಜ್ಜಿ ಹೋದ ಮೇಲೆ ಮತ್ತೆ ಕತ್ತಲೆಗೆ ನುಸುಳಿ ಅದನ್ನು ಬಿಚ್ಚಿದ.

ಮೇಣದ ಗೊಂಬೆ. ತುಟಿಗಳನ್ನು ಮುಳ್ಳಿನಿಂದ ಹೊಲಿದಿದ್ದರು. ಕೈಗಳನ್ನು ಹಿಂದಕ್ಕೆ ಬಿಗಿದಿದ್ದರು. ಮೈಗೆ ಸುತ್ತಿದ್ದು ಹಳದಿ ಚೌಕಳಿಯ ಬಟ್ಟೆ ಚೂರು, ಅವನ ಮೊದಲ ಶಾಲೆಯ ಅಂಗಿಯದು. ಆ ಅಂಗಿ ಇದ್ದದ್ದು ಒಬ್ಬರ ಪೆಟ್ಟಿಗೆಯಲ್ಲಿ ಮಾತ್ರ. ಅವನನ್ನು ಕಂಕುಳಲ್ಲೆತ್ತಿ ಸಾಕಿದ ಅಕ್ಕನ ಪೆಟ್ಟಿಗೆಯಲ್ಲಿ.

ಹಿಂದೆ ಯಾರೋ ಉಸಿರೆಳೆದರು. ತಿರುಗಿದ. ಯಾರೂ ಇಲ್ಲ. ಮತ್ತೆ ಉಸಿರು. ಈಗ ಕಿವಿಯ ಪಕ್ಕದಲ್ಲೇ. ತಣ್ಣಗಿನ ಬೆರಳು ಕೊರಳ ಮೇಲೆ ಹರಿಯಿತು. ಕಿರುಚಿದ. ಸದ್ದು ಬರಲಿಲ್ಲ. ತುಟಿ ಬಿಡಿಸಲಾಗಲಿಲ್ಲ. ಕೈ ಎತ್ತಲಾಗಲಿಲ್ಲ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಅವನ ಕೈಯಿಂದ ಬಿದ್ದ ಗೊಂಬೆಯನ್ನು ನೋಡಿದಳು. ಸೆರಗಲ್ಲೇ ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಅವನ ಹಣೆಯ ಬೆವರು ಒರೆಸಿದಳು.

“ಅಮ್ಮ ನನ್ನನ್ನೂ ಹೆತ್ತಿದ್ದಳು ಕಣೋ,” ಎಂದಳು ಮೆಲ್ಲಗೆ. “ನಡಿ, ಕೋರ್ಟಿಗೆ ಹೊತ್ತಾಯ್ತು.”

ಕಾಲುಗಳು ಅವಳ ಹಿಂದೆ ನಡೆದವು.

ಕೋರ್ಟಿನಲ್ಲಿ ಜಡ್ಜ್ ಕೇಳಿದರು, “ಈ ಮನೆಯಲ್ಲಿ ನೀವೇ ವಾಸ ಇದೀರಾ?”

ಹೌದು ಅನ್ನಬೇಕಿತ್ತು. ಅಷ್ಟೇ. ನಾಲಿಗೆ ಒಳಗೊಳಗೇ ಒದ್ದಾಡಿತು. ವಕೀಲರು ಮೊಣಕೈಯಿಂದ ತಿವಿದರು. ಹಿಂದಿನ ಬೆಂಚಿನಲ್ಲಿ ಭಾವ, ಅಕ್ಕನ ಗಂಡ. ಮನೆ ಹರಾಜಿಗೆ ಬಂದರೆ ಸವಾಲು ಕೂಗಲು ತಯಾರಾಗಿ ಬಂದವನು.

“ಇಲ್ಲ ಸ್ವಾಮಿ,” ಅವನ ಬೆನ್ನ ಹಿಂದೆಯೇ ಕೂತಿದ್ದ ಅಕ್ಕ ಎದ್ದು ನಿಂತಳು. “ತಮ್ಮನಿಗೆ ಹುಷಾರಿಲ್ಲ, ಮಾತು ನಿಂತುಹೋಗಿದೆ. ನಮ್ಮನೇಲೇ ಇರೋದು. ಆ ಮನೆ ಖಾಲಿ ಬಿದ್ದಿದೆ.”

“ಹೌದೇನ್ರೀ?” ಜಡ್ಜ್ ಅವನ ಕಡೆ ತಿರುಗಿದರು.

ಅಕ್ಕನ ಅಂಗೈ ಅವನ ಹಿಂದಲೆಯನ್ನು ಸವರಿತು. ತಡೆಯಲು ಕತ್ತಿನ ನರವೆಲ್ಲ ಬಿಗಿಹಿಡಿದ. ಆದರೂ ತಲೆ ನಿಧಾನವಾಗಿ, ಎಲ್ಲರಿಗೂ ಕಾಣುವಂತೆ, ಹೌದೆಂದು ಬಾಗಿತು.